ಇಳಿದ ದಿನ ಕೀಲಿಕೈ ಬೇಡ

ದೂರದೇಶಕ್ಕೆ ಹೊರಡುವ ಮುನ್ನ ನಮ್ಮ ಕರಾವಳಿಯ ಮನೆಗಳಲ್ಲಿ ಟಿಕೆಟ್ಟಿನ ದರ, ವೀಸಾ, ಸಾಮಾನಿನ ತೂಕ, ಉಪ್ಪಿನಕಾಯಿ ಸೋರದಂತೆ ಕಟ್ಟುವ ಬಗೆ ಇವೆಲ್ಲವೂ ವಾರಗಟ್ಟಲೆ ಚರ್ಚೆಯಾಗುತ್ತವೆ. ಆದರೆ ವಿಮಾನ ಇಳಿದ ಮೇಲೆ ಬಾಡಿಗೆ ಕಾರಿನ ಕೀಲಿಕೈಯನ್ನು ಯಾರು ತೆಗೆದುಕೊಳ್ಳಬೇಕು, ಎಷ್ಟು ಹೊತ್ತಿನ ನಿದ್ದೆಯಾದ ನಂತರ ತೆಗೆದುಕೊಳ್ಳಬೇಕು ಎಂಬ ಪ್ರಶ್ನೆ ಆ ಚರ್ಚೆಯಲ್ಲಿ ಬರುವುದೇ ಇಲ್ಲ. ಕಾರು ಕಾದಿರಿಸಿದ್ದಾಯಿತು, ಲೈಸೆನ್ಸ್ ಇದೆ, ದಾರಿ ತೋರಿಸಲು ಫೋನ್ ಇದೆ ಎಂದಾದರೆ ಆ ವಿಷಯ ಮುಗಿದಂತೆಯೇ. ಇಡೀ ಪ್ರಯಾಣದಲ್ಲಿ ನಾವು ಅತ್ಯಂತ ಎಚ್ಚರದಿಂದ ಇರಬೇಕಾದ ಭಾಗ ಇದೇ ಎಂದು ನಾನು ಬಲವಾಗಿ ನಂಬಿದ್ದೇನೆ. ವಿಮಾನದ ಹಾರಾಟದ ಹೊಣೆಯನ್ನು ತರಬೇತಾದವರು ಹೊತ್ತಿರುತ್ತಾರೆ, ಆದರೆ ನಿಲ್ದಾಣದ ಬಾಗಿಲು ದಾಟಿ ಕಾರಿನ ಸೀಟಿನಲ್ಲಿ ಕುಳಿತ ಕ್ಷಣದಿಂದ ಆ ಹೊಣೆ ನಿದ್ದೆಗೆಟ್ಟ ಒಬ್ಬ ಸಾಮಾನ್ಯ ಪ್ರಯಾಣಿಕನ ಹೆಗಲಿಗೆ ಬರುತ್ತದೆ.

ಕಳೆದ ಜನವರಿಯಲ್ಲಿ ಅಕ್ಕ, ಭಾವ ಮತ್ತು ನಾನು ನ್ಯೂಜಿಲೆಂಡಿಗೆ ಹೋದೆವು. ಅಕ್ಕನ ಮಗಳು ಅಲ್ಲಿಯ ದಕ್ಷಿಣ ದ್ವೀಪದ ಡನೀಡಿನ್ ನಗರದಲ್ಲಿ ಓದುತ್ತಿದ್ದಾಳೆ. ಟ್ರಾವೆಲ್ಸಿನವರು ಮಾಡಿಕೊಟ್ಟ ಪಟ್ಟಿಯ ಮೊದಲ ದಿನದ ಸಾಲು ಹೀಗಿತ್ತು: ಕ್ರೈಸ್ಟ್‌ಚರ್ಚ್‌ನಲ್ಲಿ ಆಗಮನ, ನಿಲ್ದಾಣದಲ್ಲೇ ಕಾರು ಪಡೆದು ಟೆಕಾಪೊ ಸರೋವರಕ್ಕೆ ಪ್ರಯಾಣ. ಕ್ರೈಸ್ಟ್‌ಚರ್ಚ್‌ನಿಂದ ಟೆಕಾಪೊಗೆ ಸುಮಾರು 230 ಕಿಲೋಮೀಟರ್, ಮೂರು ಗಂಟೆಯ ದಾರಿ. ಕಾಗದದ ಮೇಲೆ ಅದು ಉಡುಪಿಯಿಂದ ಹೊರಟು ಹೊನ್ನಾವರ ಮುಟ್ಟಿ ಮರಳಿ ಬಂದಷ್ಟೇ ಸುಲಭವಾಗಿ ಕಾಣುತ್ತಿತ್ತು. ನಾನು ಆ ಸಾಲನ್ನು ಹೊಡೆದುಹಾಕಿ, ಮೊದಲ ರಾತ್ರಿ ನಿಲ್ದಾಣದ ಹತ್ತಿರವೇ ತಂಗುವುದೆಂದೂ ಕಾರನ್ನು ಮರುದಿನ ಬೆಳಗ್ಗೆ ಪಡೆಯುವುದೆಂದೂ ಬದಲಾಯಿಸಿದೆ. ಭಾವನಿಗೆ ಅದು ಹಿಡಿಸಲಿಲ್ಲ. "ಅಲ್ಲಿಯೂ ಎಡಬದಿಯಲ್ಲೇ ಓಡಿಸುವುದು, ನಮ್ಮ ಘಾಟಿಗಿಂತ ಒಳ್ಳೆಯ ರಸ್ತೆ, ಒಂದು ದಿನ ಸುಮ್ಮನೆ ಹೋಗುತ್ತದಲ್ಲ ಮಾರಾಯ್ರೇ" ಎಂದರು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಆಗುಂಬೆ, ಶಿರಾಡಿ, ಬಾಳೆಬರೆ ಘಾಟಿಗಳಲ್ಲಿ ಕಾರು ಓಡಿಸಿದವರ ಮಾತು ಅದು. ಅವರ ಚಾಲನೆಯ ಬಗ್ಗೆ ನನಗೆ ಅಂದೂ ಇಂದೂ ಸಂಶಯವಿಲ್ಲ. ನನ್ನ ಸಂಶಯವಿದ್ದದ್ದು ಅವರ ನಿದ್ದೆಯ ಬಗ್ಗೆ.

ಈ ವಿಷಯದಲ್ಲಿ ನಾನು ಹಟ ಹಿಡಿಯಲು ಕಾರಣ ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜಪೆ. 2010ರ ಮೇ 22, ಶನಿವಾರ ಬೆಳಗ್ಗೆ ಆರು ಗಂಟೆ ದಾಟಿದ ಸ್ವಲ್ಪ ಹೊತ್ತಿಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಗುಡ್ಡದ ನೆತ್ತಿಯ ರನ್‌ವೇಯಿಂದ ಮುಂದಕ್ಕೆ ಜಾರಿ ಕೆಳಗಿನ ಕಣಿವೆಗೆ ಬಿತ್ತು. ವಿಮಾನದಲ್ಲಿದ್ದ 166 ಮಂದಿಯಲ್ಲಿ 158 ಮಂದಿ ತೀರಿಕೊಂಡರು, ಎಂಟು ಮಂದಿ ಬದುಕಿ ಉಳಿದರು. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಸೀಮೆಯಲ್ಲಿ ಆ ದಿನ ಯಾರೊಬ್ಬರ ಪರಿಚಯದವರೂ ಆ ವಿಮಾನದಲ್ಲಿ ಇರಲಿಲ್ಲ ಎನ್ನಬಲ್ಲ ಊರು ಕಡಿಮೆ. ಅದರ ವಿಚಾರಣೆ ನಡೆಸಿದ ಸಮಿತಿಯ ವರದಿಯನ್ನು ನಮ್ಮ ಕಡೆಯ ಜನ ಹೆಚ್ಚಾಗಿ ರನ್‌ವೇಯ ಉದ್ದದ ಮಾತಾಗಿ, ಗುಡ್ಡದ ಮಾತಾಗಿ ನೆನಪಿಟ್ಟುಕೊಂಡಿದ್ದಾರೆ. ಆದರೆ ಆ ವರದಿಯಲ್ಲಿ ನಿದ್ದೆಗೆ ದೊಡ್ಡ ಜಾಗವಿದೆ. ಕಾಕ್‌ಪಿಟ್ಟಿನ ಧ್ವನಿಮುದ್ರಣದ ಪ್ರಕಾರ ಕ್ಯಾಪ್ಟನ್ ಒಂದೂವರೆ ಗಂಟೆಗೂ ಹೆಚ್ಚು ಕಾಲ ಮಾತಿಲ್ಲದೆ ಇದ್ದರು, ನಡುನಡುವೆ ಗೊರಕೆಯ ಸದ್ದು ದಾಖಲಾಗಿತ್ತು. ಗಾಢ ನಿದ್ದೆಯಿಂದ ಎದ್ದವರನ್ನು ಸ್ವಲ್ಪ ಹೊತ್ತು ಆವರಿಸಿರುವ ಮಂಪರು, ಅಂದರೆ ಕಣ್ಣು ತೆರೆದಿದ್ದರೂ ವಿವೇಚನೆ ಪೂರ್ತಿ ಎಚ್ಚರಗೊಂಡಿರದ ಸ್ಥಿತಿ, ಅವರ ತೀರ್ಮಾನಗಳನ್ನು ಕೆಡಿಸಿರಬಹುದೆಂದು ಸಮಿತಿ ಹೇಳಿತು. ಸಹ ಪೈಲಟ್ ಇಳಿಯದೆ ಮತ್ತೆ ಮೇಲೇರೋಣವೆಂದು ಒಂದಕ್ಕಿಂತ ಹೆಚ್ಚು ಸಲ ಹೇಳಿದ್ದರು. ವಿಮಾನ ರನ್‌ವೇಯ ಅರ್ಧಕ್ಕಿಂತ ಹೆಚ್ಚು ಭಾಗವನ್ನು ದಾಟಿದ ಮೇಲೆ ನೆಲ ಮುಟ್ಟಿತು. ಕೂಳೂರಿನಿಂದ ತಣ್ಣೀರುಬಾವಿಗೆ ಹೋಗುವ ದಾರಿಯಲ್ಲಿ ಫಲ್ಗುಣಿ ನದಿಯ ದಡದ ಸ್ಮಾರಕದ ಬಳಿ ಹಾದುಹೋಗುವಾಗಲೆಲ್ಲ ನನ್ನ ಮನಸ್ಸು ರನ್‌ವೇಯ ಅಳತೆಗಿಂತ ಈ ಎರಡು ಸಂಗತಿಗಳ ಹತ್ತಿರ ನಿಲ್ಲುತ್ತದೆ: ಸಾವಿರಾರು ಗಂಟೆಗಳ ಅನುಭವವಿದ್ದವರನ್ನೂ ನಿದ್ದೆ ಹಾಗೆ ಮಂಕಾಗಿಸಬಲ್ಲದು, ಮತ್ತು ಪಕ್ಕದಲ್ಲಿ ಕುಳಿತು ಬೇಡವೆಂದವರ ಮಾತು ಆ ಮಂಕಿನೊಳಗೆ ಇಳಿಯುವುದಿಲ್ಲ.

ವಿಮಾನಯಾನದ ಲೋಕ ನಿದ್ದೆಯನ್ನು ನಿಯಮದ ವಿಷಯವಾಗಿ ಕಾಣುತ್ತದೆ. ಪೈಲಟ್‌ಗಳು ಎಷ್ಟು ಗಂಟೆ ಕೆಲಸ ಮಾಡಬಹುದು, ಎಷ್ಟು ಗಂಟೆ ವಿಶ್ರಾಂತಿ ಪಡೆಯಲೇಬೇಕು ಎಂಬುದನ್ನು ನಾಗರಿಕ ವಿಮಾನಯಾನ ನಿರ್ದೇಶನಾಲಯ ಗೊತ್ತುಮಾಡುತ್ತದೆ. 2024ರ ಜನವರಿಯಲ್ಲಿ ಪ್ರಕಟವಾದ ಪರಿಷ್ಕೃತ ನಿಯಮಗಳಲ್ಲಿ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48 ಗಂಟೆಗೆ ಏರಿಸಿದರು, ರಾತ್ರಿಯ ಅವಧಿಯನ್ನು ಮಧ್ಯರಾತ್ರಿಯಿಂದ ಬೆಳಗಿನ ಆರು ಗಂಟೆಯವರೆಗೆ ವಿಸ್ತರಿಸಿದರು. ಬೆಳಗಿನ ಜಾವ ಎರಡರಿಂದ ಆರರವರೆಗಿನ ಹೊತ್ತಿನಲ್ಲಿ ಮನುಷ್ಯನ ಎಚ್ಚರ ಅತ್ಯಂತ ಕೆಳಮಟ್ಟದಲ್ಲಿರುತ್ತದೆ ಎಂಬ ತಿಳಿವಳಿಕೆ ಇಂಥ ನಿಯಮಗಳ ಹಿಂದಿದೆ. ಅದೇ ವಿಮಾನದ ಮೂವತ್ತನೆಯ ಸಾಲಿನಲ್ಲಿ ಮೊಣಕಾಲು ಮಡಚಿ ಕುಳಿತು ಬಂದವನು ಮಾತ್ರ ಯಾವ ನಿಯಮಕ್ಕೂ ಒಳಪಡುವುದಿಲ್ಲ. ಪೈಲಟ್ ಹೋಟೆಲಿನ ಹಾಸಿಗೆಗೆ ಹೋಗುವ ಹೊತ್ತಿಗೆ ಪ್ರಯಾಣಿಕ ಗಂಟೆಗೆ ನೂರು ಕಿಲೋಮೀಟರ್ ವೇಗದ ರಸ್ತೆಗೆ ಇಳಿಯುತ್ತಾನೆ.

ನಾವು ಹೋದ ದಾರಿಯೂ ಚಿಕ್ಕದೇನಲ್ಲ. ಮಧ್ಯಾಹ್ನ ಉಡುಪಿಯ ಮನೆಯಿಂದ ಹೊರಟು ಮೂಲ್ಕಿ, ಕಿನ್ನಿಗೋಳಿ, ಕಟೀಲು ಮಾರ್ಗವಾಗಿ ಬಜಪೆ, ಅಲ್ಲಿಂದ ಬೆಂಗಳೂರು, ರಾತ್ರಿಯ ವಿಮಾನದಲ್ಲಿ ಸಿಂಗಪುರ, ಅಲ್ಲಿ ಒಂದು ಹಗಲು ಕಾದು ಸಂಜೆ ಮತ್ತೆ ಹತ್ತು ಗಂಟೆಯ ಹಾರಾಟ. ಅಷ್ಟು ಹೊತ್ತಿನಲ್ಲಿ ನಿದ್ದೆ ಬಂದಿತೇ ಎಂದರೆ ಬಂದಿತು. ಆದರೆ ಅದು ಮನೆಯ ನಿದ್ದೆಯಲ್ಲ. ವಿಮಾನದೊಳಗಿನ ಗಾಳಿಯ ಒತ್ತಡ ಸುಮಾರು 1,800ರಿಂದ 2,400 ಮೀಟರ್ ಎತ್ತರದ ಗುಡ್ಡದ ಮೇಲಿನಷ್ಟಿರುತ್ತದೆ, ಎಂದರೆ ಕುದುರೆಮುಖದ ಶಿಖರದ ಮೇಲೆ ರಾತ್ರಿ ಕಳೆದ ಹಾಗೆ. ತೇವಾಂಶ ಶೇಕಡಾ 20ಕ್ಕಿಂತ ಕೆಳಗಿಳಿಯುತ್ತದೆ. ಕರಾವಳಿಯ ಬೆವರಿನಲ್ಲಿ ಬೆಳೆದ ನಮಗೆ ಅದರಿಂದ ಮೂಗು, ಗಂಟಲು, ಕಣ್ಣು ಎಲ್ಲವೂ ಒಣಗುತ್ತವೆ. ಕುಳಿತಲ್ಲೇ ಕಣ್ಣು ಮುಚ್ಚಿದರೆ ಊಟದ ಗಾಡಿ, ದೀಪ, ಪಕ್ಕದವರು ಎದ್ದು ದಾಟುವುದು, ಮಗುವಿನ ಅಳು ಇವು ನಿದ್ದೆಯನ್ನು ತುಂಡು ತುಂಡು ಮಾಡುತ್ತವೆ. ಹೀಗೆ ಹರಿದುಹೋದ ನಾಲ್ಕು ಗಂಟೆಯ ನಿದ್ದೆಯನ್ನು ಮನೆಯ ನಾಲ್ಕು ಗಂಟೆಯ ನಿದ್ದೆಯೊಂದಿಗೆ ಸಮಮಾಡಿ ಲೆಕ್ಕ ಹಾಕುವಂತಿಲ್ಲ.

ಕ್ರೈಸ್ಟ್‌ಚರ್ಚ್‌ನಲ್ಲಿ ಇಳಿದಾಗ ಬೆಳಗಿನ ಹತ್ತೂವರೆ ದಾಟಿತ್ತು. ಬೇಸಿಗೆಯ ಕಣ್ಣು ಕುಕ್ಕುವ ಬಿಸಿಲು. ನ್ಯೂಜಿಲೆಂಡಿನಲ್ಲಿ ಹೊರಗಿನ ಆಹಾರ ಮತ್ತು ಮಣ್ಣಿನ ತಪಾಸಣೆ ಬಹಳ ಕಟ್ಟುನಿಟ್ಟು. ಆಹಾರ ಪದಾರ್ಥವನ್ನು ಘೋಷಿಸದೆ ತಂದರೆ 400 ಡಾಲರ್ ದಂಡ ಹಾಕುತ್ತಾರೆ. ಅಕ್ಕ ಮಗಳಿಗೆಂದು ತಂದ ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಎಲ್ಲವನ್ನೂ ಬರೆದುಕೊಟ್ಟು, ತೋರಿಸಿ, ಹೊರಗೆ ಬರುವಾಗ ಮಧ್ಯಾಹ್ನ ಹತ್ತಿರವಾಗಿತ್ತು. ಆಗ ನಾನು ನನ್ನ ಕೈಗಡಿಯಾರವನ್ನು ಭಾವನಿಗೆ ತೋರಿಸಿದೆ. ಅದನ್ನು ಬೇಕೆಂದೇ ಊರಿನ ಸಮಯದಲ್ಲೇ ಇಟ್ಟಿದ್ದೆ. ಬೇಸಿಗೆಯಲ್ಲಿ ನ್ಯೂಜಿಲೆಂಡ್ ನಮಗಿಂತ ಏಳೂವರೆ ಗಂಟೆ ಮುಂದಿರುತ್ತದೆ. ಅಲ್ಲಿ ಹನ್ನೆರಡಾಗುವಾಗ ಉಡುಪಿಯಲ್ಲಿ ಬೆಳಗಿನ ಜಾವ ನಾಲ್ಕೂವರೆ. ನಮ್ಮ ಕಣ್ಣು ಹಗಲನ್ನು ಕಾಣುತ್ತಿತ್ತು. ಹೃದಯದ ಬಡಿತ, ಮೈಯ ಕಾವು, ಮೆದುಳಿನ ಎಚ್ಚರ ಇವೆಲ್ಲ ಇನ್ನೂ ಊರಿನ ಸರಿರಾತ್ರಿಯಲ್ಲೇ ಇದ್ದವು. ವೇಳಾಪಟ್ಟಿ ಮಾಡಿದವರಿಗೆ ಹಗಲು ಹನ್ನೊಂದು ಗಂಟೆಯೆಂದರೆ ಪ್ರಯಾಣಕ್ಕೆ ಪ್ರಶಸ್ತವಾದ ಹೊತ್ತು. ಊರಿನ ಎರಡರಿಂದ ಆರು ಗಂಟೆಯ ಆ ಅಪಾಯದ ಅವಧಿ ಕ್ರೈಸ್ಟ್‌ಚರ್ಚ್‌ನಲ್ಲಿ ಬೆಳಗಿನ ಒಂಬತ್ತೂವರೆಯಿಂದ ಮಧ್ಯಾಹ್ನ ಒಂದೂವರೆಯವರೆಗೆ ಬಂದು ಕೂರುತ್ತದೆ ಎಂಬುದು ಆ ಪಟ್ಟಿಯಲ್ಲಿ ಎಲ್ಲಿಯೂ ಕಾಣುವುದಿಲ್ಲ.

ದಿಕ್ಕಿನದೂ ಒಂದು ಪಾತ್ರವಿದೆ. ಮನುಷ್ಯನ ಜೈವಿಕ ಗಡಿಯಾರದ ಸುತ್ತು ಸರಾಸರಿಯಲ್ಲಿ 24 ಗಂಟೆಗಿಂತ ತುಸು ಹೆಚ್ಚು. ಆದ್ದರಿಂದ ದಿನವನ್ನು ಹಿಗ್ಗಿಸುವ ಪಶ್ಚಿಮದ ಪ್ರಯಾಣಕ್ಕೆ ಮೈ ಬೇಗ ಒಗ್ಗುತ್ತದೆ, ದಿನವನ್ನು ಕುಗ್ಗಿಸುವ ಪೂರ್ವದ ಪ್ರಯಾಣಕ್ಕೆ ನಿಧಾನವಾಗಿ ಒಗ್ಗುತ್ತದೆ. ಲಂಡನ್ನಿಗೆ ಹೋದವರು ಎರಡು ಮೂರು ದಿನಗಳಲ್ಲಿ ಸರಿಹೋಗುತ್ತಾರೆ, ಸಿಡ್ನಿಗೋ ಆಕ್ಲೆಂಡಿಗೋ ಹೋದವರು ವಾರದವರೆಗೂ ಒದ್ದಾಡುತ್ತಾರೆ. ಒಂದು ರಾತ್ರಿಯ ನಿದ್ದೆ ಈ ವ್ಯತ್ಯಾಸವನ್ನು ಅಳಿಸುವುದಿಲ್ಲ ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಆ ರಾತ್ರಿ ಕೊಡುವುದು ಇಷ್ಟನ್ನೇ: ಎರಡು ರಾತ್ರಿಗಳ ನಿದ್ದೆಯ ಸಾಲದಲ್ಲಿ ದೊಡ್ಡ ಪಾಲನ್ನು ತೀರಿಸುತ್ತದೆ, ಮತ್ತು ಮರುದಿನ ಎಷ್ಟು ದೂರ ಹೋಗಬಹುದೆಂದು ತೀರ್ಮಾನಿಸುವಷ್ಟು ಸ್ವಚ್ಛ ಬುದ್ಧಿಯನ್ನು ಮರಳಿಸುತ್ತದೆ. ನನಗೆ ಎರಡನೆಯದೇ ಮುಖ್ಯವೆನಿಸುತ್ತದೆ, ಏಕೆಂದರೆ ನಿದ್ದೆಗೆಟ್ಟವನು ಮೊದಲು ಕಳೆದುಕೊಳ್ಳುವುದು ತಾನು ನಿದ್ದೆಗೆಟ್ಟಿದ್ದೇನೆ ಎಂಬ ಅರಿವನ್ನೇ. "ನನಗೇನೂ ಆಗಿಲ್ಲ, ಓಡಿಸಬಲ್ಲೆ" ಎಂಬ ಮಾತು ಆ ಹೊತ್ತಿನಲ್ಲಿ ಸಾಕ್ಷಿಯಾಗಿ ನಿಲ್ಲುವುದಿಲ್ಲ.

ಮರುದಿನ ಬಾಡಿಗೆ ಕಾರಿನ ಕೌಂಟರಿನಲ್ಲಿ ಕಾಗದದ ಕೆಲಸ ಬೇಗ ಮುಗಿಯಿತು. ಇಂಗ್ಲಿಷಿನಲ್ಲಿರುವ ನಮ್ಮ ಲೈಸೆನ್ಸ್ ಅಲ್ಲಿ ನಡೆಯುತ್ತದೆ, ಕ್ರೆಡಿಟ್ ಕಾರ್ಡ್ ಚಾಲಕರ ಹೆಸರಿನಲ್ಲೇ ಇರಬೇಕು, ಠೇವಣಿಯ ಮೊತ್ತವನ್ನು ಕಾರ್ಡಿನಲ್ಲಿ ತಡೆಹಿಡಿಯುತ್ತಾರೆ, ಕಾರಿನ ಸುತ್ತಲೂ ನಡೆದು ಗೀರುಗಳ ವಿಡಿಯೊ ಮಾಡಿಕೊಂಡರೆ ಮುಂದೆ ವಾದವಿರುವುದಿಲ್ಲ. ನಾನು ಬರೆಯಬೇಕೆಂದದ್ದು ಕೌಂಟರಿನಲ್ಲಿದ್ದ ಹೆಂಗಸು ಕೇಳಿದ ಪ್ರಶ್ನೆಗಳನ್ನು. ಎಲ್ಲಿಂದ ಬಂದಿರಿ, ಯಾವಾಗ ಇಳಿದಿರಿ, ನಿನ್ನೆ ರಾತ್ರಿ ಎಲ್ಲಿ ಮಲಗಿದಿರಿ, ಇವತ್ತು ಎಲ್ಲಿಯವರೆಗೆ ಹೋಗುತ್ತೀರಿ ಎಂದು ಆಕೆ ಒಂದೊಂದಾಗಿ, ಸಾವಕಾಶವಾಗಿ ಕೇಳಿದರು. ನಿನ್ನೆಯೇ ಇಳಿದು ಮಲಗಿ ಬಂದಿದ್ದೇವೆ ಎಂದಾಗ, ನೇರ ವಿಮಾನದಿಂದ ಬಂದು ಆರು ಗಂಟೆಯ ದಾರಿಯ ಕ್ವೀನ್ಸ್‌ಟೌನ್‌ಗೆ ಹೊರಡುವವರೂ ಇದ್ದಾರೆ, ಅವರಿಗೆ ಕೀಲಿಕೈ ಕೊಡುವಾಗ ಮನಸ್ಸಿಗೆ ಸಮಾಧಾನವಿರುವುದಿಲ್ಲ ಎಂದರು. ಆ ಮಾತಿನ ನಂತರ ಭಾವ ಕಳೆದ ದಿನದ ಲೆಕ್ಕ ತೆಗೆಯಲಿಲ್ಲ. ಉಡುಪಿಯ ಮನೆಯ ಜಗಲಿಯಲ್ಲಿ ಕುಳಿತು ನಾನು ಹೇಳಿದ್ದೂ ಅದನ್ನೇ, ಆದರೆ ಮನೆಯವರ ಕಾಳಜಿ ಕಿವಿಗೆ ಬೀಳುವ ಬಗೆಯೇ ಬೇರೆ, ಹೊಣೆಯ ಸ್ಥಾನದಲ್ಲಿ ಕುಳಿತವರ ಪ್ರಶ್ನೆ ಬೀಳುವ ಬಗೆಯೇ ಬೇರೆ.

ದಾರಿಗಿಳಿದ ಮೇಲೆ ಆ ಪ್ರಶ್ನೆಗಳ ಅರ್ಥ ಇನ್ನೂ ಸ್ಪಷ್ಟವಾಯಿತು. ಕಾರು ಜಪಾನಿನದು, ಇಂಡಿಕೇಟರ್ ನಮ್ಮಲ್ಲಿಯ ಹಾಗೆ ಬಲಗೈಗೆ ಸಿಗುತ್ತಿತ್ತು. ಆದರೆ ಗೇರು ಆಟೊಮ್ಯಾಟಿಕ್. ಜೀವನವಿಡೀ ಕ್ಲಚ್ ತುಳಿದ ಎಡಗಾಲು ಸುಮ್ಮನಿರುವುದನ್ನು ಕಲಿಯಬೇಕು, ಇಲ್ಲವಾದರೆ ಕ್ಲಚ್ ಎಂದು ಬ್ರೇಕನ್ನು ಒತ್ತಿಬಿಡುತ್ತದೆ. ಕ್ಯಾಂಟರ್‌ಬರಿಯ ಬಯಲಿನಲ್ಲಿ ರಸ್ತೆ ಗೆರೆ ಎಳೆದಂತೆ ನೇರ. ರಕಾಯಾ ನದಿಯ ಸೇತುವೆಯೊಂದೇ 1.7 ಕಿಲೋಮೀಟರಿಗಿಂತ ಉದ್ದವಿದೆ. ಹಾರ್ನ್ ಇಲ್ಲ, ದನವಿಲ್ಲ, ಅಡ್ಡ ಬರುವ ರಿಕ್ಷಾವಿಲ್ಲ, ಮಣಿಪಾಲದ ಇಳಿಜಾರಿನಲ್ಲಿ ಕ್ಷಣಕ್ಷಣಕ್ಕೂ ನಮ್ಮನ್ನು ಎಚ್ಚರಿಸುವ ಯಾವುದೂ ಇಲ್ಲ. ನಿದ್ದೆಗೆಟ್ಟವನಿಗೆ ಇಂಥ ಒಳ್ಳೆಯ ರಸ್ತೆಯೇ ಹೆಚ್ಚು ಅಪಾಯಕಾರಿ. ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. ನಾಲ್ಕು ಸೆಕೆಂಡ್ ರೆಪ್ಪೆ ಕೂಡಿದರೆ 110 ಮೀಟರ್ ದೂರವನ್ನು ಚಾಲಕನಿಲ್ಲದ ಕಾರು ದಾಟಿರುತ್ತದೆ. ಒಳರಸ್ತೆಗಳಲ್ಲಿ ಒಂದೇ ವಾಹನ ಹಿಡಿಸುವ ಸೇತುವೆಗಳಿವೆ. ಫಲಕದಲ್ಲಿ ನಮ್ಮ ದಿಕ್ಕಿನ ಬಾಣ ಚಿಕ್ಕದಾಗಿ ಕೆಂಪಾಗಿದ್ದರೆ ನಾವು ನಿಂತು ಎದುರಿನವರಿಗೆ ದಾರಿ ಬಿಡಬೇಕು. ಆ ಫಲಕವನ್ನು ಓದಿ, ಅರ್ಥ ಮಾಡಿಕೊಂಡು, ವೇಗ ತಗ್ಗಿಸಲು ಎಚ್ಚರದ ಕಣ್ಣಿಗೆ ತೊಂದರೆಯಿಲ್ಲ. ಎಡಬದಿಯ ಸಂಚಾರ ನಮ್ಮದೇ ಎಂಬ ಭರವಸೆ ಇಂಥ ಕಡೆಗಳಲ್ಲಿ ಕೆಲಸಕ್ಕೆ ಬರುವುದಿಲ್ಲ.

ಕುಡಿದು ಓಡಿಸುವುದು ತಪ್ಪು ಎಂದು ಈಗ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. 1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 17 ಗಂಟೆ ಎಚ್ಚರವಿದ್ದವರ ಕೈಕಣ್ಣಿನ ಹೊಂದಾಣಿಕೆ ರಕ್ತದಲ್ಲಿ ಶೇಕಡಾ 0.05 ಮದ್ಯವಿದ್ದವರ ಮಟ್ಟಕ್ಕೆ ಇಳಿಯುತ್ತದೆ. 24 ಗಂಟೆ ಎಚ್ಚರವಿದ್ದರೆ ಅದು ಶೇಕಡಾ 0.10ಕ್ಕೆ ಸಮ. ನಮ್ಮ ಮೋಟಾರು ವಾಹನ ಕಾಯ್ದೆಯ ಮಿತಿ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ, ಅಂದರೆ ಶೇಕಡಾ 0.03. ಹಗಲು ಎದ್ದು, ರಾತ್ರಿಯಿಡೀ ಕುಳಿತು ಹಾರಿ, ಬೆಳಗ್ಗೆ ಚಕ್ರ ಹಿಡಿಯುವವನು ಒಂದು ಹನಿ ಕುಡಿಯದಿದ್ದರೂ ಆ ಮಿತಿಯ ಎಷ್ಟೋ ಪಾಲು ಆಚೆಗಿರುತ್ತಾನೆ. ಊದಿಸಿ ನೋಡುವ ಯಂತ್ರ ಮದ್ಯವನ್ನು ಹಿಡಿಯುತ್ತದೆ. ಹೆಜಮಾಡಿಯ ಟೋಲಿನಲ್ಲಿಯೋ ಸಾಸ್ತಾನದ ಟೋಲಿನಲ್ಲಿಯೋ ಒಬ್ಬ ಚಾಲಕನ ನಿದ್ದೆಯನ್ನು ಅಳೆಯುವ ಉಪಾಯವಿಲ್ಲ.

ಬಜಪೆಗೆ ಬಂದಿಳಿಯುವವರ ಸಂಗತಿಯಂತೂ ನಮ್ಮ ಕಣ್ಣೆದುರಿನದೇ. ಕೊಲ್ಲಿಯಿಂದ ಬರುವ ಮಗ ರಾತ್ರಿಯ ವಿಮಾನ ಹತ್ತಿ ನಸುಕಿನಲ್ಲಿ ಇಳಿಯುತ್ತಾನೆ. ಅವನಿಗೆ ಜೆಟ್ ಲ್ಯಾಗ್ ಇಲ್ಲ, ದುಬೈಗೂ ನಮಗೂ ಒಂದೂವರೆ ಗಂಟೆಯ ವ್ಯತ್ಯಾಸವಷ್ಟೇ. ಆದರೆ ಹಿಂದಿನ ದಿನ ಕೆಲಸ ಮುಗಿಸಿ, ಪೆಟ್ಟಿಗೆ ಕಟ್ಟಿ, ನಿಲ್ದಾಣದಲ್ಲಿ ಕಾದು ಬಂದವನಿಗೆ ಒಂದು ರಾತ್ರಿಯ ನಿದ್ದೆ ಪೂರ್ತಿಯಾಗಿ ಇಲ್ಲ. ಅಮೆರಿಕದಿಂದ ಬರುವ ಮಗಳಿಗೆ ಹಗಲು ರಾತ್ರಿಯೇ ತಿರುಗಿರುತ್ತದೆ. ಇಲ್ಲಿ ಮಧ್ಯಾಹ್ನ ಎರಡಾಗುವಾಗ ನ್ಯೂಯಾರ್ಕಿನ ಚಳಿಗಾಲದ ಗಡಿಯಾರದಲ್ಲಿ ಬೆಳಗಿನ ಜಾವ ಮೂರೂವರೆ. ಈಚಿನ ವರ್ಷಗಳಲ್ಲಿ ರಜೆಗೆ ಬರುವವರು ಕಪ್ಪು ನಂಬರ್ ಪ್ಲೇಟಿನ ಮೇಲೆ ಹಳದಿ ಅಕ್ಷರಗಳಿರುವ ಸೆಲ್ಫ್ ಡ್ರೈವ್ ಕಾರನ್ನು ಮೊದಲೇ ಗೊತ್ತುಮಾಡಿ, ನಿಲ್ದಾಣದ ಹೊರಗೇ ಪಡೆದು, ಅಲ್ಲಿಂದಲೇ ಕುಂದಾಪುರಕ್ಕೋ ಬೈಂದೂರಿಗೋ ತೀರ್ಥಹಳ್ಳಿಗೋ ಹೊರಡುವುದು ಹೆಚ್ಚಾಗಿದೆ. ದುಬೈಯಲ್ಲಾಗಲಿ ಅಮೆರಿಕದಲ್ಲಾಗಲಿ ವರ್ಷಗಟ್ಟಲೆ ರಸ್ತೆಯ ಬಲಬದಿಯಲ್ಲಿ ಓಡಿಸಿದವರ ಕೈಗೆ ಆ ಅಭ್ಯಾಸ ಕೂತಿರುತ್ತದೆ. ಎಚ್ಚರವಿರುವಾಗ ಬುದ್ಧಿ ಅದನ್ನು ತಿದ್ದುತ್ತದೆ. ದಣಿದಾಗ, ಎದುರು ವಾಹನವಿಲ್ಲದ ನಸುಕಿನ ಒಳರಸ್ತೆಯಲ್ಲಿ ತಿರುವು ತೆಗೆದ ಮೇಲೆ, ಕೈ ತನಗೆ ಗೊತ್ತಿರುವ ಬದಿಯನ್ನೇ ಹಿಡಿಯುತ್ತದೆ. ಕರೆತರಲು ಹೋಗುವ ಅಣ್ಣತಮ್ಮಂದಿರ ಸ್ಥಿತಿಯೂ ಹೆಚ್ಚು ಬೇರೆಯಲ್ಲ. ಐದು ಗಂಟೆಗೆ ಬಜಪೆಯಲ್ಲಿರಬೇಕೆಂದರೆ ಬೈಂದೂರಿನ ಮನೆಯವರು ಎರಡು ಗಂಟೆಗೇ ಹೊರಟಿರುತ್ತಾರೆ, ಹಿಂದಿನ ರಾತ್ರಿ ಸಂಭ್ರಮದಲ್ಲಿ ಮಲಗಿಯೇ ಇರುವುದಿಲ್ಲ.

ಇದಕ್ಕೆ ದುಬಾರಿ ಪರಿಹಾರವೇನೂ ಬೇಡ. ಮಂಗಳೂರಿನಲ್ಲಿ ನೆಂಟರ ಮನೆಯಿಲ್ಲದ ಕರಾವಳಿಯವರು ಅಪರೂಪ. ಕದ್ರಿಯಲ್ಲೋ ಸುರತ್ಕಲ್ಲಿನಲ್ಲೋ ಬೆಳಗಿನ ತಿಂಡಿ ತಿಂದು ಮಧ್ಯಾಹ್ನದವರೆಗೆ ಮಲಗಿ ಹೊರಟರೆ ತಾಯಿಯ ಮುಖ ಕಾಣಲು ಅರ್ಧ ದಿನ ತಡವಾಗುತ್ತದೆ, ಅಷ್ಟೇ. ಅದೂ ಆಗದಿದ್ದರೆ ರಾತ್ರಿ ನಿದ್ದೆ ಮಾಡಿ ಬಂದ ಚಾಲಕರಿರುವ ಟ್ಯಾಕ್ಸಿ ಹಿಡಿಯಬಹುದು. ದಾರಿಯಲ್ಲಿ ತೂಕಡಿಕೆ ಶುರುವಾದರೆ ಕಿಟಕಿ ತೆರೆಯುವುದು, ಹಾಡು ಹಾಕುವುದು ಇವು ಉಪಯೋಗಕ್ಕೆ ಬರುವುದಿಲ್ಲ. ಬ್ರಿಟನ್ನಿನ ಹೈವೇ ಕೋಡ್ ಸುರಕ್ಷಿತ ಜಾಗದಲ್ಲಿ ಗಾಡಿ ನಿಲ್ಲಿಸಿ ಎರಡು ಕಪ್ ಕಾಫಿ ಕುಡಿದು ಕನಿಷ್ಠ 15 ನಿಮಿಷ ಮಲಗಬೇಕೆಂದು ಹೇಳುತ್ತದೆ. ಕಾಫಿ ಮೈಗೆ ಹತ್ತಲು ಅರ್ಧ ಗಂಟೆಯಷ್ಟು ಬೇಕಾಗುವುದರಿಂದ ಕುಡಿದು ಮಲಗುವ ಆ ಕ್ರಮ ಸರಿಯಾಗಿದೆ. ಎದ್ದ ಕೂಡಲೇ ಹೊರಡದೆ, ಮುಖ ತೊಳೆದು ನಾಲ್ಕು ಹೆಜ್ಜೆ ನಡೆದಾಡಬೇಕು, ಏಕೆಂದರೆ ಮಂಪರು ಇಳಿಯಲು ಹೊತ್ತು ಬೇಕು. ಮತ್ತು ಪಕ್ಕದ ಸೀಟಿನಲ್ಲಿ ಕುಳಿತವರಿಗೆ ಬಾಯಿ ಇರಬೇಕು. ಹೆಂಡತಿಯೋ ತಮ್ಮನೋ ತಂದೆಯೋ ನಿಲ್ಲಿಸು ಎಂದರೆ ಚಾಲಕ ವಾದ ಮಾಡದೆ ನಿಲ್ಲಿಸಬೇಕೆಂಬ ಮಾತು ಹೊರಡುವ ಮೊದಲೇ ಮನೆಯೊಳಗೆ ಆಗಿರಬೇಕು.

ಊರಿಗೆ ಮರಳಿದ ಮೇಲೆ ಸೆಲ್ಫ್ ಡ್ರೈವ್ ಕಾರುಗಳನ್ನು ಬಾಡಿಗೆಗೆ ಕೊಡುವ ಪರಿಚಯದ ಒಬ್ಬರ ಹತ್ತಿರ ಕ್ರೈಸ್ಟ್‌ಚರ್ಚ್‌ನ ಆ ಪ್ರಶ್ನೆಗಳ ವಿಷಯ ಹೇಳಿದೆ. ಆಧಾರ್ ಪ್ರತಿ, ಲೈಸೆನ್ಸ್, ಠೇವಣಿ ಕೇಳುವಾಗ ಇದನ್ನೂ ಕೇಳಬಹುದಲ್ಲ ಎಂದೆ. ಅವರು ಹೇಳಿದ್ದು ಸುಳ್ಳಲ್ಲ: ತಾನು ಕಾರು ಕೊಡುವುದಿಲ್ಲ ಎಂದರೆ ಗಿರಾಕಿ ಇನ್ನೊಬ್ಬರ ಹತ್ತಿರ ಹೋಗುತ್ತಾನೆ, ಮನೆಗೆ ಬೇಗ ಮುಟ್ಟಬೇಕೆಂಬ ಅವಸರದಲ್ಲಿರುವವನಿಗೆ ನಿದ್ದೆಯ ಮಾತು ಕೇಳುವ ತಾಳ್ಮೆಯಿರುವುದಿಲ್ಲ. ಕೊನೆಗೆ ಅವರು ಒಂದಕ್ಕೆ ಒಪ್ಪಿದ್ದಾರೆ. ಕಾದಿರಿಸುವಾಗ ವಿಮಾನ ಇಳಿಯುವ ಹೊತ್ತನ್ನು ಕೇಳುವುದು. ರಾತ್ರಿಯ ವಿಮಾನವಾದರೆ ಕಾರನ್ನು ಬಜಪೆಗೆ ಒಯ್ಯದೆ, ಹೆಚ್ಚುವರಿ ಹಣ ಪಡೆಯದೆ, ಅದೇ ದಿನ ಸಂಜೆ ಗಿರಾಕಿಯ ಮನೆಗೇ ತಲುಪಿಸುವುದು. ಆ ಹಗಲಿನ ಬಾಡಿಗೆಯನ್ನು ಲೆಕ್ಕಕ್ಕೆ ಹಿಡಿಯದಿರುವುದು. ಹೀಗೆ ಮಾಡಿದರೆ ಬೇಡವೆನ್ನುವವರು ಕಡಿಮೆಯಾಗಬಹುದೆಂದು ಅವರ ಅಂದಾಜು. ಈ ಡಿಸೆಂಬರಿನಲ್ಲಿ ಭಾವನ ತಮ್ಮ ಮಸ್ಕತ್ತಿನಿಂದ ಬರುವವನಿದ್ದಾನೆ. ಅವನಿಗೆ ಕಾರನ್ನು ಬ್ರಹ್ಮಾವರದ ಮನೆಯಂಗಳಕ್ಕೇ ಸಂಜೆ ಐದಕ್ಕೆ ತಂದುಕೊಡಬೇಕೆಂದು ಫೋನ್ ಮಾಡಿ ಹೇಳಿದವರು ಭಾವನೇ.